ಚೆಲ್ಲಿದ ತಂತಿ, ಹತ್ತಿದ ದೀಪ

"ನಿಮ್ಮ ಲೆಕ್ಕ ಕಣ್ಣಿಗೆ ಕಾಣ್ಬೇಕು, ಕೈಗೆ ಸಿಗ್ಬೇಕು. ಇವತ್ತು ಮಧ್ಯಾಹ್ನದೊಳಗೆ ತನ್ನಿ. ಇಲ್ಲಾಂದ್ರೆ ನಾಳೆಯಿಂದ ನೀವು ಪ್ಯಾಕಿಂಗ್ ವಿಭಾಗಕ್ಕೆ."

ಆಫೀಸಿನ ಮೇಡಂ ಫೋನ್ ಇಟ್ಟರು. ಕಡ್ಡಿರಾಯನ ಬಾಯಲ್ಲಿದ್ದ ಬ್ರಷ್ಷು ಹಲ್ಲಿನ ಮೇಲೇ ನಿಂತುಬಿಟ್ಟಿತು.

ಕಡ್ಡಿರಾಯ ಅನ್ನೋದು ಆಫೀಸಿನವರು ಇಟ್ಟ ಹೆಸರು. ಅವನ ಕಂಪನಿ ಒಂದು ವಿಚಿತ್ರ ಹಾಳೆ ಮಾಡುತ್ತಿತ್ತು. ಗಾಜಿನಂತೆ ಆಚೆ ಕಾಣಬೇಕು, ಬಟ್ಟೆಯಂತೆ ಬಾಗಬೇಕು, ಆದರೂ ಕರೆಂಟು ಹರಿಯಬೇಕು. ಅದರೊಳಗೆ ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಬೆಳ್ಳಿ ಎಳೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಎಳೆ ಹೆಚ್ಚಾದರೆ ಹಾಳೆ ಮಬ್ಬು, ಕಡಿಮೆಯಾದರೆ ಕರೆಂಟು ದಾಟುವುದಿಲ್ಲ. ಹಾಗಾದರೆ ಎಷ್ಟಿದ್ದರೆ ಸಾಕು? ಇವನು ದಿನವಿಡೀ ಕಂಪ್ಯೂಟರಿನೊಳಗೆ ಇಲ್ಲದ ಕಡ್ಡಿಗಳನ್ನು ಎರಚಿ ಎರಚಿ ಅದನ್ನೇ ಲೆಕ್ಕ ಹಾಕುತ್ತಿದ್ದ. ಮೇಡಂಗೆ ಆ ಪರದೆ ಕಂಡರೆ ಆಕಳಿಕೆ. ಕುರ್ಚಿ ದೊಡ್ಡದಾದ ಮೇಲೆ ಆಕಳಿಕೆಗೂ ಬೆಲೆ ಬಂದುಬಿಡುತ್ತದೆ, ಏನು ಮಾಡುವುದು!

"ಆಯಮ್ಮನ ತಲೇಲಿ ಒಂದೆಳೆ ಇನ್ನೊಂದೆಳೆಗೆ ತಾಗಿಲ್ಲ!" ಎಂದು ಅಡುಗೆಮನೆಯಲ್ಲಿ ಗುಡುಗಿದ. ಕೇಳಿಸಿಕೊಂಡವರು ಅತ್ತೆ ಒಬ್ಬರೇ.

"ಯಾರ ಹತ್ರಾನೂ ಹೇಳ್ಬೇಡಿ ಅತ್ತೆ."

"ಅಯ್ಯೋ ಅಳಿಯಂದ್ರೇ, ನನ್ನ ಬಾಯಿ ಅಂದ್ರೆ ಬೀಗ."

ಕಡ್ಡಿರಾಯ ತಾಮ್ರದ ತಂತಿಯ ಸಿಪ್ಪೆ ಸುಲಿದು ಬೆರಳುದ್ದದ ತುಂಡು ಮಾಡಿದ. ಊಟದ ಮೇಜಿನ ಮೇಲೆ ಒಂದು ಮೊಳ ಅಂತರದಲ್ಲಿ ಎರಡು ತಗಡಿನ ಪಟ್ಟಿ ಇಟ್ಟ. ಪಟ್ಟಿಗಳಿಗೆ ಬ್ಯಾಟರಿ ಮತ್ತು ಒಂದು ಪುಟ್ಟ ಬಲ್ಬು ಜೋಡಿಸಿದ. ನಡುವೆ ತಂತಿ ತುಂಡುಗಳನ್ನು ಬೀಜ ಚೆಲ್ಲಿದ ಹಾಗೆ ಚೆಲ್ಲಿದ. ಬಲ್ಬು ಹತ್ತಿತು! ಒಂದು ತುಂಡು ಎತ್ತಿದ, ಉರಿಯುತ್ತಲೇ ಇತ್ತು. ಇನ್ನೊಂದು ಎತ್ತಿದ, ಆಗಲೂ ಇತ್ತು. ಮತ್ತೊಂದು ಎತ್ತಿದ, ಆರಿತು. ಅರೆ, ಯಾವ ಮೂಲೆಯಲ್ಲೋ ಸುಮ್ಮನೆ ಬಿದ್ದಿದ್ದ ತುಂಡು! ಇದರ ಮೇಲೆಯೇ ಎಲ್ಲ ನಿಂತಿತ್ತೇ? ಅದನ್ನು ವಾಪಸಿಟ್ಟು, ಪ್ಯಾಕಿಂಗ್ ವಿಭಾಗವನ್ನೇ ಮರೆತು, ಬಾಯಿ ತೆರೆದು ನೋಡುತ್ತಾ ಕೂತ.

ಕೊನೆಗೆ ಎಚ್ಚೆತ್ತು, ತುಂಡುಗಳ ಮೇಲೆ ಒತ್ತಲು ಅಂಟಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತರಲು ಕೋಣೆಗೆ ಹೋದ. ಬರುವಷ್ಟರಲ್ಲಿ ಬಲ್ಬು ಆರಿತ್ತು. ತಂತಿಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಸಾಲಾಗಿ ಮಲಗಿದ್ದವು.

"ಎಷ್ಟು ಗಲೀಜು ಮಾಡಿದ್ರಿ! ಜೋಡಿಸಿಟ್ಟಿದ್ದೀನಿ," ಎಂದರು ಅತ್ತೆ.

ಮತ್ತೆ ಚೆಲ್ಲಿದ. ಕತ್ತರಿ ಕೇಳಲು ಬಂದ ಪಕ್ಕದ ಮನೆಯ ದರ್ಜಿ, ಇವನು ಕತ್ತರಿ ಹುಡುಕುವಷ್ಟರಲ್ಲಿ ಎಲ್ಲವನ್ನೂ ಗುಂಡುಸೂಜಿಯಂತೆ ಒಟ್ಟುಮಾಡಿ ಲೋಟಕ್ಕೆ ಹಾಕಿದ್ದ. "ಚುಚ್ಚಿಕೊಂಡೀತು ಸಾರ್. ಅಂದಹಾಗೆ, ನಿಮ್ಮ ಮೇಡಂ ಚೆನ್ನಾಗಿದ್ದಾರಾ?" ಎಂದು ಕೇಳಿ, ಅತ್ತೆಯ ಕಡೆ ನೋಡಿ ನಗು ನುಂಗಿಕೊಂಡ.

ಮೂರನೇ ಸಲ ಚೆಲ್ಲಿದಾಗ ಮಹಡಿಯ ಮೇಲಿನ ಡ್ರಾಯಿಂಗ್ ಮೇಷ್ಟ್ರು ಇಳಿದು ಬಂದರು. ಇವನು ಬೇಡ ಬೇಡ ಎನ್ನುತ್ತಿದ್ದರೂ ಜೇಬಿನಿಂದ ಸ್ಕೇಲು ತೆಗೆದು, ತುಂಡು ತುಂಡಿಗೂ ಸಮನಾದ ಜಾಗ ಬಿಟ್ಟು ಜೋಡಿಸಿಯೇಬಿಟ್ಟರು. "ಗೆರೆ ಅಂದ್ರೆ ಹೀಗಿರ್ಬೇಕಪ್ಪ. ನನ್ನ ಕೈಲಿ ಕಲಿತವರು ಇವತ್ತು ಎಂತೆಂಥಾ ಕುರ್ಚೀಲಿ ಕೂತಿದ್ದಾರೆ ಗೊತ್ತಾ?"

ಕಡ್ಡಿರಾಯನ ಸಹನೆ ಹರಿದುಹೋಯಿತು. "ರೀ, ಸಾಲಾಗಿಟ್ರೆ ಒಂದಕ್ಕೊಂದು ತಾಗಲ್ಲ ಕಣ್ರೀ! ತಾಗದೆ ಕರೆಂಟ್ ಹೇಗೆ ಹೋಗತ್ತೆ? ನೀವುಗಳು ನಿಮ್ಮ ನಿಮ್ಮ ಮನೇಲಿ ತೆಪ್ಪಗಿದ್ರೆ ಈ ಬೀದೀಲಿ ಒಂದು ಸುದ್ದಿಯಾದ್ರೂ ಓಡಾಡ್ತಿತ್ತಾ? ಒಬ್ರ ಮನೇಲಿ ಇನ್ನೊಬ್ರು ಮೂಗು ತೂರಿಸ್ತೀರಲ್ಲ, ಅದಕ್ಕೇ ಸುದ್ದಿ ಈ ತುದಿಯಿಂದ ಆ ತುದಿಗೆ ಹೋಗೋದು!"

ಮೂವರ ಮುಖವೂ ಒಟ್ಟಿಗೆ ಬೆಳಗಿತು. "ಮೊದಲೇ ಹೀಗೆ ಬಿಡಿಸಿ ಹೇಳೋದಲ್ವಾ!" ಎಂದು ಒಬ್ಬೊಬ್ಬರೂ ಒಂದು ಹಿಡಿ ಚೆಲ್ಲಿದರು. ಬಲ್ಬು ಝಗ್ಗನೆ ಹತ್ತಿತು. ಹಾಳೆಯನ್ನು ಒತ್ತಿ, ಪಟ್ಟಿ, ಬ್ಯಾಟರಿ, ಬಲ್ಬು ಸಮೇತ ಎತ್ತಿ, ಹಿಂದಿನಿಂದ ಇನ್ನೊಂದು ಹಾಳೆ ಅಂಟಿಸಿ ಬಾಗಿಸಿದ. ಆಗಲೂ ಉರಿಯಿತು. ಕಂಕುಳಲ್ಲಿಟ್ಟುಕೊಂಡು ಆಫೀಸಿಗೆ ಓಡಿದ.

ಮೇಡಂ ಹಾಳೆಯನ್ನು ಬಾಗಿಸಿದರು. ದೀಪ ಆರಲಿಲ್ಲ. ಅದರ ಮೂಲಕವೇ ಇವನ ಮುಖವನ್ನು ಬಹಳ ಹೊತ್ತು ನೋಡಿದರು.

"ತುಂಬಾ ಚೆನ್ನಾಗಿದೆ. ಈ ತುದಿಯಿಂದ ಆ ತುದಿಗೆ ದಾಟೋಕೆ ನಡುವೆ ಎಷ್ಟು ಬೇಕು?"

"ಹತ್ತಾದ್ರೂ ಬೇಕು ಮೇಡಂ. ಅದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ," ಎಂದ ಎದೆಯುಬ್ಬಿಸಿ.

"ಹಾಗಾದ್ರೆ ನಿಮ್ಮ ಲೆಕ್ಕ ತಪ್ಪು. ನಿಮ್ಮ ಅಡುಗೆಮನೆಯಿಂದ ಈ ಕುರ್ಚಿಗೆ ಮೂರೇ ಸಾಕಾಯ್ತು. ನಿಮ್ಮತ್ತೆ, ದರ್ಜಿ, ಆಮೇಲೆ ನನಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರು. ಈಗಷ್ಟೇ ಫೋನ್ ಮಾಡಿದ್ರು." ಮೇಡಂ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ನನ್ನ ತಲೇಲೂ ಎಳೆಗೆ ಎಳೆ ತಾಗ್ತು ನೋಡಿ."

ಸಂಜೆ ಕಾಲೆಳೆದುಕೊಂಡು ಮನೆಗೆ ಬಂದ. ಇದನ್ನು ಹೇಗಪ್ಪಾ ಹೇಳೋದು ಎಂದು ಯೋಚಿಸುತ್ತಾ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿತು:

"ಪ್ಯಾಕಿಂಗ್ ವಿಭಾಗವಂತೆ? ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಅಲ್ಲಿ ಎಲ್ಲಾನೂ ಸಾಲಾಗಿ ಜೋಡಿಸ್ತಾರಂತೆ."