ಬಿಲ್ಲೆ ಇಲ್ಲದ ಸೈಕಲ್ಲು

ಮಣ್ಣಿಗೆ ಬಂದ ನೆಂಟರೆಲ್ಲ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ದಾಕ್ಷಾಯಣಿಗೆ ಮೊದಲು ನೆನಪಾದದ್ದು ಗಂಡನಲ್ಲ, ಸೈಕಲ್ಲು.

ಎದ್ದಳು, ಒಲೆ ಹಚ್ಚಿದಳು, ಇಬ್ಬರಿಗಾಗುವಷ್ಟು ಚಹಾದ ನೀರಿಟ್ಟು ಆಮೇಲೆ ಅರ್ಧ ಚೆಲ್ಲಿದಳು. ಬಾಗಿಲ ಪಕ್ಕದ ಗೋಡೆಗೆ ಹ್ಯಾಂಡಲ್ಲು ಉಜ್ಜಿ ಆದ ಕಪ್ಪು ಗೆರೆ ಇತ್ತು. ಸೈಕಲ್ಲು ಇರಲಿಲ್ಲ. ಗಂಡ ಕೊಟ್ಟೂರಪ್ಪ, ಕಾಲೇಜಿನಲ್ಲಿ ಇತಿಹಾಸದ ಟ್ಯೂಟರು. ಪಾಠ ಹೇಳುತ್ತ ಹೇಳುತ್ತಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವನನ್ನು ಜಟಕಾದಲ್ಲಿ ಮನೆಗೆ ತಂದರು. ಸೈಕಲ್ಲನ್ನು ಯಾರೂ ತರಲಿಲ್ಲ. ಅದು ಕಾಲೇಜಿನ ಸ್ಟ್ಯಾಂಡಿನಲ್ಲೇ ಉಳಿಯಿತು.

ಪಡಸಾಲೆಯಲ್ಲಿ ಗಂಡನ ಅಣ್ಣ ತಿಪ್ಪೇರುದ್ರಪ್ಪ ಒಬ್ಬನೇ ಉಳಿದು, ಚೀಲ ಕಟ್ಟಿಕೊಂಡು ಕೂತಿದ್ದ. ಕೆಟ್ಟವನಲ್ಲ. ಎಲ್ಲವನ್ನೂ ತೀರ್ಮಾನ ಮಾಡಿ ಮುಗಿಸಿದ್ದ, ಅಷ್ಟೆ. ಸಂಜೆಯ ಬಸ್ಸಿಗೆ ಸಿರುಗುಪ್ಪ, ಅಲ್ಲಿಂದ ಗಾಡಿ ಕಟ್ಟಿ ಹಚ್ಚೊಳ್ಳಿ. ಹಚ್ಚೊಳ್ಳಿಯ ಮನೆಯಲ್ಲಿ ಆಗಲೇ ಇಬ್ಬರು ವಿಧವೆಯರು ಹಪ್ಪಳ ಒತ್ತುತ್ತ ಕೂತಿದ್ದರು. ಮೂರನೆಯವಳಿಗೆ ಮಣೆ ಹಾಕಿಯಾಗಿತ್ತು.

ದಾಕ್ಷಾಯಣಿಗೆ ಬಳ್ಳಾರಿಯಲ್ಲೇ ಇರಬೇಕಿತ್ತು. ಮದರಾಸು ವಿಶ್ವವಿದ್ಯಾಲಯದ ಬಿ.ಎ. ಓದಿದ್ದು ಹಪ್ಪಳ ಒತ್ತುವುದಕ್ಕಲ್ಲ. ಹೆಣ್ಣುಮಕ್ಕಳ ಸಾಲೆಯಲ್ಲಿ ಒಬ್ಬ ಟೀಚರು ಬಾಣಂತನಕ್ಕೆ ಹೋಗುವವಳಿದ್ದಳು, ಆ ಜಾಗ ಇವಳಿಗೆ ಎಂದು ಮಾತಾಗಿತ್ತು. ಆದರೆ ಕೂಸು ಹುಟ್ಟುವ ತನಕ ಬಾಡಿಗೆ ಕೊಡುವವರು ಯಾರು? ಮನೆಯೊಡತಿ ವೀರಭದ್ರಮ್ಮ ಕೌಲ್ ಬಜಾರಿನ ಇವರ ವಠಾರದಲ್ಲೇ ಎದುರು ಬಾಗಿಲಿನವಳು. ಒಬ್ಬಂಟಿ ಹೆಣ್ಣುಮಗಳನ್ನು ಇಟ್ಟುಕೊಂಡರೆ ಕಾವಲು ಕಾಯುವ ಕೆಲಸವೂ ತನ್ನ ಮೇಲೆಯೇ ಬೀಳುವುದರಿಂದ ಮೂರು ತಿಂಗಳ ಮುಂಗಡ ಬೇಕೆಂದಿದ್ದಳು. ದುಃಖದ ಮನೆ ಅಂತ ಮೆತ್ತಗೆ ಹೇಳಿದ್ದಳು, ಆದರೆ ಹೇಳಿದ್ದಳು.

"ಸೈಕಲ್ ಮಾರಿದ್ರ ಮುಂಗಡ ಹುಟ್ಟತೈತ್ರಿ, ಭಾವಾರ" ಎಂದಳು ದಾಕ್ಷಾಯಣಿ.

ತಿಪ್ಪೇರುದ್ರಪ್ಪ ಚೀಲದ ಬಾಯಿಯನ್ನು ಇನ್ನೊಮ್ಮೆ ಬಿಗಿದ. "ಸೈಕಲ್ ಬಾಗಲಿಗೆ ಬರಲಿ, ಇರಾಕ ನಾ ಬ್ಯಾಡ ಅನ್ನಂಗಿಲ್ಲ. ಬರಲಿಲ್ಲ ಅಂದ್ರ ಸಂಜಿ ಬಸ್ಸು."

ಆ ಸೈಕಲ್ಲು ಮನೆಗೆ ಬಂದದ್ದು ಮಳೆಗಾಲದಲ್ಲಿ. ಅಲ್ಲಿಯ ತನಕ ಕೊಟ್ಟೂರಪ್ಪ ರೈಲ್ವೆ ಗೇಟು ದಾಟಿ, ಊರು ದಾಟಿ, ಗುಡ್ಡದ ಆಚೆಯ ಕಾಲೇಜಿಗೆ ನಡೆದೇ ಹೋಗುತ್ತಿದ್ದ. ಒಂದು ಸಂಜೆ ಹೊರಗಿನಿಂದಲೇ, "ಸೈಕಲ್ ತಂದೀನಿ ನೋಡು" ಎಂದಿದ್ದ. ಅವಳು ಒದ್ದೆ ಕೈಯಲ್ಲೇ ಓಡಿ ಬಂದು ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿದಳು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದವನು ವೀರಭದ್ರಮ್ಮ ಸಕ್ಕರೆ ಕೇಳಿಕೊಂಡು ಬಂದದ್ದು ನೋಡಿ ಮುಚ್ಚಿಕೊಂಡ. ಸೈಕಲ್ಲು ಹಳೆಯದು, ರೋಗಿಷ್ಠ ಕೂಡ. ಪ್ರತಿ ಶನಿವಾರ ರಿಪೇರಿಗೆ ಹೋಗುತ್ತಿತ್ತು, ಸೋಮವಾರ ಬರುತ್ತಿತ್ತು. ಇಂಥದನ್ನು ಯಾಕೆ ತಂದಿರಿ ಎಂದು ಅವಳು ಒಮ್ಮೆ ಬೈದಿದ್ದಳು. ಸುಮ್ಮನೆ ನಕ್ಕಿದ್ದ.

ಕಾಲೇಜಿನ ಸ್ಟ್ಯಾಂಡು ಎಂದರೆ ಒಂದು ಬೇವಿನ ಮರ, ಸುತ್ತ ಗೂಟಕ್ಕೆ ಕಟ್ಟಿದ ಹಗ್ಗ, ಮೂಲೆಯಲ್ಲಿ ಒಂದು ಗುಡಿಸಲು, ಗುಡಿಸಲ ಮುಂದೆ ಕಾವಲುಗಾರ ಜೋಗಪ್ಪ. ಕುರುಗೋಡಿನವನು. ವಾರವಿಡೀ ಅಲ್ಲೇ ಮಲಗಿ, ವಾರಕ್ಕೊಮ್ಮೆ ಮೊಮ್ಮಕ್ಕಳನ್ನು ನೋಡಲು ಊರಿಗೆ ಹೋಗುವವನು. ಕಾಲೇಜಿಗೆ ಸೈಕಲ್ಲಿನಲ್ಲಿ ಬರುವವರೆಲ್ಲ ಆಫೀಸಿನಲ್ಲಿ ದುಡ್ಡು ಕಟ್ಟಿ ತಗಡಿನ ಬಿಲ್ಲೆಯೊಂದನ್ನು ಕೊಳ್ಳಬೇಕು. ಬಿಲ್ಲೆ ಇದ್ದರೆ ಸೈಕಲ್ಲು ಹಗ್ಗದ ಒಳಗೆ. ಬಿಲ್ಲೆ ತೋರಿಸಿದರೆ ಹಗ್ಗದ ಹೊರಗೆ. ಜೋಗಪ್ಪನ ಶಿವನೂ ಆ ಬಿಲ್ಲೆಯೇ, ಶಾಸ್ತ್ರವೂ ಆ ಬಿಲ್ಲೆಯೇ.

ಸೈಕಲ್ಲು ಬೇವಿನ ಬುಡಕ್ಕೇ ಒರಗಿತ್ತು. ಯಾರೋ ಧೂಳು ಒರೆಸಿದ್ದರು.

ಜೋಗಪ್ಪ ಅವಳನ್ನು ಕಂಡು ತಲೆಯ ರುಮಾಲು ತೆಗೆದು ಎದ್ದು ನಿಂತ. ಬಂದ ಕೆಲಸ ಕೇಳಿದ. ಕೇಳಿ ಬೇವಿನ ಮರದ ತುದಿಯನ್ನು ನೋಡಿದ, ಅಲ್ಲಿ ಏನೋ ಬರೆದಿಟ್ಟಿರುವ ಹಾಗೆ.

"ಬಿಲ್ಲಿ ಐತೇನ್ರಿ, ಅಮ್ಮಾರ?"

ಇರಲಿಲ್ಲ.

"ಬಿಲ್ಲಿ ಇಲ್ದ ಗಾಡಿ ಬಿಡಾಕ ಬರಂಗಿಲ್ರಿ."

ಸತ್ತವನ ಹೆಂಡತಿ ಅವಳೆಂದು ಅವನಿಗೆ ಗೊತ್ತಿತ್ತು. ಮಣ್ಣಿಗೆ ಬಂದು ದೂರ ನಿಂತು ಹೋಗಿದ್ದ. ಆದರೂ ಬಾಯಿಯಿಂದ ಬಿಲ್ಲೆಯ ಮಾತಲ್ಲದೆ ಬೇರೆ ಮಾತು ಬರಲಿಲ್ಲ. ಇಷ್ಟು ಕಲ್ಲೆದೆಯವನು ಈ ಊರಿನ ಗುಡ್ಡದಲ್ಲೇ ಹುಟ್ಟಿರಬೇಕು ಎಂದುಕೊಂಡು ದಾಕ್ಷಾಯಣಿ ಆಫೀಸಿಗೆ ನಡೆದಳು.

ಆಫೀಸಿನಲ್ಲಿ ಗುಮಾಸ್ತ ಗವಿಸಿದ್ದಪ್ಪ. ಮಣ್ಣಿನ ದಿನ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅತ್ತವನು ಈತ. ಅವಳಿಗೆ ಕುರ್ಚಿ ಹಾಕಿಸಿದ, ನೀರು ತರಿಸಿದ, ಆಮೇಲೆ ಮಾಸ್ತರರು ಬಿಲ್ಲೆಯನ್ನು ತೆಗೆದುಕೊಂಡೇ ಇರಲಿಲ್ಲ ಎಂದು ತಿಳಿಸಿದ. ಕಾರಣ ಊರಿಗೆಲ್ಲ ಗೊತ್ತಿದ್ದದ್ದೇ. ಮೊದಲು ಎಂಟಾಣೆಯಿದ್ದ ಬಿಲ್ಲೆ ಹೋದ ವರ್ಷ ಎರಡು ರೂಪಾಯಿ ಆಯಿತು, ಈ ವರ್ಷ ನಾಲ್ಕು. ಕುಡತಿನಿಯಿಂದ, ಕುರುಗೋಡಿನಿಂದ ಪೆಡಲ್ಲು ತುಳಿದು ಬರುವ ಹುಡುಗರು ಎಲ್ಲಿಂದ ತರಬೇಕೆಂದು ಕೊಟ್ಟೂರಪ್ಪ ಅದೇ ಬೇವಿನ ಕೆಳಗೆ ಭಾಷಣ ಮಾಡಿದ್ದ. ಆಗ ಅವನ ಬಳಿ ಸೈಕಲ್ಲೇ ಇರಲಿಲ್ಲ.

"ಅವತ್ತು ಹುಡುಗ್ರು ಹೆಗಲ ಮ್ಯಾಲೆ ಹೊತ್ತು ಕುಣದ್ರು ನೋಡ್ರಿ" ಎಂದ ಗವಿಸಿದ್ದಪ್ಪ. "ಅವಽ ಹುಡುಗ್ರು ಮೊನ್ನಿ..." ಎಂದವನು ಅಲ್ಲಿಗೇ ನಿಲ್ಲಿಸಿ ನಶ್ಯ ಏರಿಸಿದ.

ಈಗ ಬಿಲ್ಲೆ ಕೊಡಿ ಎಂದಳು. ಬಿಲ್ಲೆ ಮಾಸ್ತರರಿಗೆ, ಇಲ್ಲವೆ ವಿದ್ಯಾರ್ಥಿಗಳಿಗೆ. ಇವಳು ಎರಡೂ ಅಲ್ಲ. ಆದಕಾರಣ ಅದು ಮಾಸ್ತರರ ಹೆಸರಿಗೇ ಆಗಬೇಕು, ಅವರೇ ಖುದ್ದಾಗಿ ಬಂದು ಸಹಿ ಹಾಕಬೇಕು.

"ಅವರು ಬರೂದಿಲ್ಲ" ಎಂದಳು ದಾಕ್ಷಾಯಣಿ.

"ಅದಽ ತ್ರಾಸು ಆಗೇತಿ" ಎಂದು ಗವಿಸಿದ್ದಪ್ಪ ಮನಸಾರೆ ಮರುಗಿದ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳ ಪುಣ್ಯವೋ ಪಾಪವೋ, ಆವತ್ತೇ ಸಂತಾಪ ಸಭೆ. ಮಾಸ್ತರರ ಮನೆಯವರು ತಾವಾಗಿಯೇ ಬಂದದ್ದು ಬಹಳ ಚೊಲೊ ಆಯಿತೆಂದು ಅವಳನ್ನು ಕರೆದುಕೊಂಡು ಹೋಗಿ ವೇದಿಕೆಯ ಮೇಲೆ, ಅವನ ಪಟದ ಪಕ್ಕದಲ್ಲಿ ಕೂರಿಸಿದರು. ಪಟಕ್ಕೊಂದು ಹಾರ ಬಿತ್ತು. ಹಾರ ಹಿಡಿದಿದ್ದವನು ಗಡಿಬಿಡಿಯಲ್ಲಿ ಎರಡನೆಯದನ್ನು ಇವಳ ಕೊರಳ ತನಕ ತಂದು, ಯಾರೋ ಕೆಮ್ಮಿದ ಮೇಲೆ ಹಿಂದಕ್ಕೆ ಒಯ್ದ.

ಭಾಷಣಗಳಾದವು. ಬದುಕಿದ್ದಾಗ ಕೊಟ್ಟೂರಪ್ಪನನ್ನು ಕಂಡರೆ ದಾರಿ ಬದಲಿಸುತ್ತಿದ್ದವರೆಲ್ಲ ಅವನು ಹಾಕಿಕೊಟ್ಟ ದಾರಿಯ ಬಗ್ಗೆ ಮಾತಾಡಿದರು. ಕೊನೆಗೆ ಪ್ರಿನ್ಸಿಪಾಲರು ಎದ್ದು, ಸೈಕಲ್ಲಿನವರ ಕಷ್ಟಕ್ಕೆ ಹೃದಯ ಮಿಡಿದ ಈ ಚೇತನದ ನೆನಪು ಶಾಶ್ವತವಾಗಬೇಕೆಂದೂ, ಅದಕ್ಕಾಗಿ ಸ್ಟ್ಯಾಂಡಿಗೆ ಅವರ ಹೆಸರಿನಲ್ಲಿ ತಗಡಿನ ಚಪ್ಪರ ಹಾಕಿಸುವುದೆಂದೂ, ಚಪ್ಪರದ ಖರ್ಚಿಗಾಗಿ ಬಿಲ್ಲೆಯ ದರವನ್ನು ಆರು ರೂಪಾಯಿಗೆ ಏರಿಸುವುದೆಂದೂ ಠರಾವು ಓದಿದರು. ಚಪ್ಪಾಳೆ ಬಿತ್ತು. ಸಂತಾಪ ಸಭೆಯೆಂದು ನೆನಪಾಗಿ ನಿಂತಿತು.

ದಾಕ್ಷಾಯಣಿ ಪಟದ ಕಡೆ ನೋಡಿದಳು. ಪಟದಲ್ಲಿ ಅವನು ಮದುವೆಯ ದಿನದ ಹಾಗೆಯೇ ಬೆವತಿದ್ದ.

ಅಧ್ಯಾಪಕರೆಲ್ಲ ಸೇರಿ ಕೂಡಿಸಿದ ಹಣದ ಲಕೋಟೆಯೊಂದನ್ನು ಕೈಗಿತ್ತು, ಏನಾದರೂ ಬೇಕೇ ತಾಯಿ ಎಂದು ಪ್ರಿನ್ಸಿಪಾಲರು ಕೇಳಿದರು. ಬಿಲ್ಲೆ ಬೇಕು ಎಂದಳು. ಅವರಿಗೆ ಕಣ್ಣಲ್ಲಿ ನೀರು ಬಂತು. ವಾರಸುದಾರಳೆಂದು ಈಗಿಂದೀಗ ಕೊಡಿರಿ ಎಂದು ಅಪ್ಪಣೆಯಾಯಿತು. ಗವಿಸಿದ್ದಪ್ಪ ಅದೇ ಲಕೋಟೆ ಬಿಚ್ಚಿ ಆರು ರೂಪಾಯಿ ಎಣಿಸಿಕೊಂಡ. ಠರಾವು ಪಾಸಾದ ಗಳಿಗೆಯಿಂದಲೇ ಹೊಸ ದರ. ಗಂಡನ ಚಪ್ಪರಕ್ಕೆ ಮೊದಲ ವಂತಿಗೆ ಹೆಂಡತಿಯದೇ ಆಯಿತು. ಲಕೋಟೆಯಲ್ಲಿ ಸಿರುಗುಪ್ಪದ ಬಸ್ ಚಾರ್ಜಿಗಾಗುವಷ್ಟು ಉಳಿಯಿತು.

ಬಿಲ್ಲೆಯ ಮೆರವಣಿಗೆಯೇ ಸ್ಟ್ಯಾಂಡಿಗೆ ಬಂತು. ಮುಂದೆ ಗವಿಸಿದ್ದಪ್ಪ, ನಡುವೆ ಇವಳು, ಹಿಂದೆ ಬಿಡುವಿದ್ದ ಅಧ್ಯಾಪಕರೆಲ್ಲ. ಜೋಗಪ್ಪ ಗುಡಿಸಲಿಗೆ ಬಾಗಿಲು ಹಾಕಿ, ಚಪ್ಪಲಿ ಮೆಟ್ಟಿ, ಎಲ್ಲಿಗೋ ಹೊರಟು ನಿಂತಿದ್ದ. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಆ ಮಗ್ಗುಲು ನೋಡಿದ, ಈ ಮಗ್ಗುಲು ನೋಡಿದ. ಖೋಟಾ ನಾಣ್ಯವಾಗಿರಲಿ ಎಂದು ಬೇಡಿಕೊಳ್ಳುವವನ ಹಾಗಿತ್ತು ಅವನ ಮುಖ.

"ಕೊಡಽಬೇಕೇನ್ರಿ, ಯಪ್ಪಾ?"

"ಯಾಕಲೇ, ನಿಮ್ಮಪ್ಪನ ಗಂಟೇನಲೇ ಅದು?" ಎಂದ ಗವಿಸಿದ್ದಪ್ಪ.

ಜೋಗಪ್ಪ ನೆರೆದವರನ್ನೆಲ್ಲ ಒಮ್ಮೆ ನೋಡಿದ. ದಾಕ್ಷಾಯಣಿಯನ್ನು ನೋಡಲಿಲ್ಲ.

"ನಮ್ಮಪ್ಪಂದಲ್ಲ ಬಿಡ್ರಿ" ಎಂದು ಹಗ್ಗ ಇಳಿಸಿದ. ಬಿಲ್ಲೆಯನ್ನು ತಾನೇ ಹ್ಯಾಂಡಲ್ಲಿಗೆ ಕಟ್ಟಿದ. ಬಲಗಡೆ ಪೆಡಲ್ಲು ಸಡಿಲ ಐತಿ ಎಂದಷ್ಟೇ ಹೇಳಿದ.

ಸೈಕಲ್ಲು ನೂಕಿಕೊಂಡು ಹೋಗುವ ವಿಧವೆಯನ್ನು ಬಳ್ಳಾರಿ ಇನ್ನೂ ಕಂಡಿರಲಿಲ್ಲ. ರೈಲ್ವೆ ಗೇಟಿನಲ್ಲಿ ಗೂಡ್ಸಿಗಾಗಿ ನಿಂತ ಟಾಂಗಾದವರು ಡಬ್ಬಿ ಎಣಿಸುವುದನ್ನು ಬಿಟ್ಟು ಇವಳನ್ನು ನೋಡಿದರು. ವಠಾರದ ಬಾಗಿಲಲ್ಲಿ ವೀರಭದ್ರಮ್ಮ, ಗಂಡನಿಗೆ ಹಾಕಿದ ಮಣ್ಣಿನ ಹಸಿ ಆರುವ ಮೊದಲೇ ಸವಾರಿ ಹೊರಟಿತೇ ಎಂದು ಗೋಡೆಗೆ ಹೇಳಿದಳು. ಆದರೆ ಸೈಕಲ್ಲು ಕಂಡೊಡನೆ ತಂಗಿಯ ಮಗನಿಗೆ ಇಂಥದೊಂದು ಬೇಕಾಗಿದೆ, ಬೆಳಗಾದರೆ ಬಂದು ರೊಕ್ಕ ಕೊಟ್ಟು ಒಯ್ಯುತ್ತಾನೆ ಎಂದಳು.

ತಿಪ್ಪೇರುದ್ರಪ್ಪ ಎತ್ತು ಕೊಳ್ಳುವವನ ಹಾಗೆ ಸುತ್ತ ಬಂದು ಟೈರು ಒತ್ತಿ ನೋಡಿದ. "ಆತವ್ವಾ. ಮಾತು ಅಂದ್ರ ಮಾತು. ಇರು" ಎಂದು ತನ್ನ ಚೀಲ ಒಂದನ್ನೇ ಎತ್ತಿಕೊಂಡ.

ಮಣ್ಣಾದ ಮೇಲೆ ಮೊದಲ ಸಲ ದಾಕ್ಷಾಯಣಿಗೆ ಹಸಿವೆಯಾಯಿತು. ಆಗ ಕಂಡದ್ದು, ಹ್ಯಾಂಡಲ್ಲಿಗೆ ಜೋತುಬಿದ್ದ ಅರಿವೆಯ ಗಂಟು. ದಾರಿಯುದ್ದಕ್ಕೂ ಮೊಣಕೈಗೆ ಬಡಿಯುತ್ತಲೇ ಇತ್ತು, ಗಮನಿಸಿರಲಿಲ್ಲ. ಅವನ ಬುತ್ತಿ. ಆವತ್ತಿನ ಬುತ್ತಿ ಹಾಗೇ ಉಳಿದಿದೆ ಎಂದುಕೊಂಡಳು. ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಪೊಟ್ಟಣ ಬತ್ತಾಸು. ಮುರಿದು ಬಾಯಿಗಿಟ್ಟುಕೊಂಡಳು. ಒಂದು ಇಡೀ ರೊಟ್ಟಿ ತಿಂದಳು.

ತಿಂದ ಮೇಲೆ ತಿಳಿಯಿತು. ರೊಟ್ಟಿ ಮೆತ್ತಗಿತ್ತು.

ಇವತ್ತು ಮಾಡಿದ ರೊಟ್ಟಿ. ಇವತ್ತು ಶನಿವಾರ. ಪ್ರತಿ ಶನಿವಾರ ರಿಪೇರಿಗೆ ಹೋಗಿ ಸೋಮವಾರ ಬರುವ ಸೈಕಲ್ಲು. ವಾರಕ್ಕೊಮ್ಮೆ ಕುರುಗೋಡಿಗೆ ಹೋಗುವ, ಮೊಮ್ಮಕ್ಕಳಿಗೆ ಬತ್ತಾಸು ಒಯ್ಯುವ, ಅಭ್ಯಾಸದಿಂದ ತನ್ನ ಗಂಟನ್ನು ತನ್ನ ಹ್ಯಾಂಡಲ್ಲಿಗೇ ತೂಗುಹಾಕುವ ಒಬ್ಬ ಮನುಷ್ಯ. ಕಾವಲುಗಾರನ ಸ್ವಂತ ಸೈಕಲ್ಲಿಗೆ ಬಿಲ್ಲೆ ಕೇಳುವವರಾರು?

ತಂದೀನಿ ಎಂದಿದ್ದ ಕೊಟ್ಟೂರಪ್ಪ. ಕೊಂಡೀನಿ ಎಂದಿರಲಿಲ್ಲ. ಅಂಗಡಿಯಿಂದ ಕೊಂಡ ಸೀರೆಗೂ ತಂದೆ ಎನ್ನುತ್ತಾರೆ, ನೆರೆಮನೆಯಿಂದ ಕೇಳಿದ ಸಕ್ಕರೆಗೂ ತಂದೆ ಎನ್ನುತ್ತಾರೆ. ಅವಳು ನಿಂಬೆಹಣ್ಣು ಇಟ್ಟುಬಿಟ್ಟಿದ್ದಳು.

ಸುಮ್ಮನಿರಬಹುದಿತ್ತು. ಜೋಗಪ್ಪ ಬಾಯಿ ಬಿಡುವವನಲ್ಲ. ಬಿಡುವವನಾಗಿದ್ದರೆ ಅಷ್ಟು ಜನರ ಮುಂದೆ ಬಿಡುತ್ತಿದ್ದ. ಬೆಳಗಾದರೆ ರೊಕ್ಕ, ಮುಂಗಡ, ಮನೆ, ಸಾಲೆ. ದಾಕ್ಷಾಯಣಿ ಗೋಡೆಯ ಕಪ್ಪು ಗೆರೆಯನ್ನು ನೋಡಿದಳು. ಆಮೇಲೆ ಗಂಟು ಕಟ್ಟಿದಳು.

"ಭಾವಾರ, ಬಸ್ಸಿಗೆ ಇನ್ನೂ ಹೊತ್ತೈತೇನ್ರಿ?"

"ಐತಿ. ಯಾಕ?"

"ನನ್ನ ಟ್ರಂಕೂ ತಗೊಂಡು ಬಸ್‌ಸ್ಟ್ಯಾಂಡಿನಾಗ ಇರ್ರಿ. ಇದನ್ನ ಕೊಟ್ಟು ಬರ್ತೀನಿ."

ಹೊತ್ತು ಇಳಿದಿತ್ತು. ಜೋಗಪ್ಪ ಕುರುಗೋಡಿನ ತನಕ ನಡೆಯಬೇಕಾದವನು, ಇನ್ನೂ ಕಲ್ಲಿನ ಮೇಲೆ ಕೂತು ಚಪ್ಪಲಿಯ ಉಂಗುಷ್ಠಕ್ಕೆ ಮೊಳೆ ಹೊಡೆಯುತ್ತಿದ್ದ. ಅವಳನ್ನು ಕಂಡು ಗಾಬರಿಯಾಗಿ, ಪಂಚರ್ ಆಯಿತೇ ಎಂದು ಕೇಳಿದ.

ಅವಳು ಸೈಕಲ್ಲನ್ನು ಬೇವಿನ ಬುಡಕ್ಕೆ ಒರಗಿಸಿದಳು. "ಮುಂಜಾನೆನಽ ಹೇಳಬೇಕಿತ್ತು, ಜೋಗಪ್ಪ."

ಅವನು ಮೊಳೆಯನ್ನೇ ನೋಡುತ್ತಿದ್ದ. "ಮಣ್ಣಾದ ಮನಿಯಾಗ ಕೊಟ್ಟದ್ದು ಕೇಳಬಾರದ್ರಿ. ಬಿಲ್ಲಿ ಅಂದ್ರ ನೀವು ಹೊಳ್ಳಿ ಮನಿಗಿ ಹೋಗ್ತೀರಿ ಅನಕೊಂಡೆ. ಆ ಆಫೀಸಿನವ್ರು ಯಾರಿಗಿ ಒಂದಽ ದಿನದಾಗ ಬಿಲ್ಲಿ ಕೊಟ್ಟಾರ ಹೇಳ್ರಿ? ನಿಮಗಽ ಕೊಡಬೇಕಾ?" ಮೊಳೆಗೆ ಇನ್ನೊಂದು ಪೆಟ್ಟು ಕೊಟ್ಟು, "ಮಾಸ್ತರ್ರು ನಡದು ಬಂದು ಇಲ್ಲೇ ಎದಿ ಹಿಡ್ಕೊಂಡು ಕುಂದರತಿದ್ರು. ನೋಡಾಕ ಆಗಲಿಲ್ಲ. ನಾನಽ ಒಯ್ರಿ ಅಂದೆ" ಎಂದ.

ಎದೆಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ಕೊಟ್ಟೂರಪ್ಪ ಮನೆಗೆ ತಂದಿರಲಿಲ್ಲ.

ಬುತ್ತಿಯ ಗಂಟು ಕೊಟ್ಟಳು. ಒಂದು ರೊಟ್ಟಿ ಕಡಿಮೆ ಐತಿ ಎಂದಳು. ಉಂಡದ್ದು ಚೊಲೊ ಆತು ಬಿಡ್ರಿ ಎಂದು ಅವನು ಗಂಟನ್ನು ಹ್ಯಾಂಡಲ್ಲಿಗೆ ಹಾಕಿದ, ಬಿಲ್ಲೆಯನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ತನ್ನ ಗಾಡಿಗೆ ಅದು ಬೇಕಿಲ್ಲವೆಂದ. ಬಿಲ್ಲೆಯ ಅವಧಿ ಇನ್ನೂ ಪರೀಕ್ಷೆ ಮುಗಿಯುವ ತನಕ ಇತ್ತು.

ಅವಳು ಹೊರಡಲು ತಿರುಗಿದಳು. ಜೋಗಪ್ಪ ಹಗ್ಗದ ಬಳಿ ಹೋಗಿ, ಎಷ್ಟೋ ವರ್ಷದ ರೂಢಿಯಂತೆ ಕೈ ಚಾಚಿದ.

"ಬಿಲ್ಲಿ?" ಎಂದ, ಮತ್ತು ನಾಲಿಗೆ ಕಚ್ಚಿಕೊಂಡ.

ದಾಕ್ಷಾಯಣಿ ಮುಷ್ಟಿ ಬಿಚ್ಚಿ ತೋರಿಸಿದಳು. ಅವನು ಹಗ್ಗ ಇಳಿಸಿದ.