ಹದಿನಾರು ವಾಲ್ವುಗಳೂ ನನ್ನ ಅಚ್ಚುಕಟ್ಟೂ

ನನಗೊಂದು ಕೆಟ್ಟ ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ, ಅಚ್ಚುಕಟ್ಟು. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಬಿದ್ದ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿಟ್ಟೇ ಒಳಗೆ ಕಾಲಿಡುತ್ತೇನೆ. ಕಚೇರಿಯಲ್ಲಿ ಹಳೆಯ ಫೈಲುಗಳ ಕೋಣೆ ನನ್ನದಾದ್ದರಿಂದ ಈ ಚಟಕ್ಕೆ ಸಂಬಳವೂ ಬರುತ್ತಿತ್ತು. ಹೆಂಡತಿ ಮಾತ್ರ ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ. ಒಮ್ಮೆ ನಾನು ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ ದಿನ ಸಾರಿಗೆ ಬಿದ್ದದ್ದೇನೆಂಬುದು ಇವತ್ತಿಗೂ ಗೊತ್ತಾಗಿಲ್ಲ.

ತೊಂಬತ್ತರ ದಶಕದಲ್ಲಿ, ಮರಾಠಿ ಸೀಮೆಯ ಧನಕವಡಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಬಸಣ್ಣ ಇದ್ದರು. ವಿಜಾಪುರದ ಕಡೆಯವರು, ಕಾರ್ಖಾನೆಯಲ್ಲಿ ಟರ್ನರ್. ಗುಜರಿಗೆ ಬಿದ್ದಿದ್ದ ಅಮೆರಿಕದ ಎಂಟು ಸಿಲಿಂಡರಿನ ಹಳೆಯ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿ, ಎರಡು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದಿದ್ದರು. ತುಕ್ಕು ತಿಂದ ಬಾಗಿಲಿಗೆ ತಾವೇ ತಗಡು ಬಡಿದರು. ಎಲ್ಲೂ ಸಿಗದ ಭಾಗಗಳನ್ನು ಲೇಥಿನಲ್ಲಿ ತಾವೇ ಕಡೆದರು. ನಾನು ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತ, ಕಚೇರಿಯಲ್ಲಿ ‘ನಾವೊಂದು ಕಾರು ಕಟ್ಟುತ್ತಿದ್ದೇವೆ’ ಎಂದು ಹೇಳಿಕೊಂಡು ಓಡಾಡುತ್ತಿದ್ದೆ. ಅಷ್ಟರಲ್ಲಿ ಮನೆಯ ಮಾಲಕರ ತಾಳ್ಮೆ ಮುಗಿಯಿತು. ದೀಪಾವಳಿಯೊಳಗೆ ಕಾರು ತಾನಾಗಿ ಓಡದಿದ್ದರೆ ಗುಜರಿಯವನನ್ನು ಕರೆಸುತ್ತೇನೆಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿ ಹೋದರು.

ಎಂಜಿನ್ ಜೋಡಿಸುವುದಷ್ಟೇ ಬಾಕಿ. ಬಸಣ್ಣ ಹದಿನಾರು ವಾಲ್ವುಗಳನ್ನು ಬಿಚ್ಚಿದ ಕ್ರಮದಲ್ಲೇ ಕಟ್ಟೆಯ ಮೇಲೆ ಹಳೆ ಪೇಪರ್ ಹಾಸಿ ಸಾಲಾಗಿಟ್ಟು, ಒಂದೊಂದರ ಮುಂದೆ ನಂಬರ್ ಬರೆದಿದ್ದರು. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಅವರು ಕಾರ್ಖಾನೆಯ ಪೂಜೆಗೆ ಹೋಗಿದ್ದರು. ಮನೆಯ ಹತ್ಯಾರಗಳಿಗೂ ಪೂಜೆಯಾಗಬೇಕಲ್ಲ, ನಾನೇ ಮುಂದೆ ಬಿದ್ದೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಆ ಹೊಲಸು ಪೇಪರನ್ನು ಎಸೆದು, ದೊಡ್ಡ ವಾಲ್ವು ಎಂಟು ಈ ಕಡೆ, ಸಣ್ಣವು ಎಂಟು ಆ ಕಡೆ ನಿಲ್ಲಿಸಿ, ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಒಂದು ಚೆಂಡುಹೂವು.

ಬಸಣ್ಣ ಬಂದರು, ಕೈಮುಗಿದರು, ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. “ದೇವರಿಗೆ ಭಾಳ ಛಂದ ಕಾಣಸ್ತದರಿ ರಾಯರ,” ಎಂದರು. “ಆದ್ರ ಯಾವುದು ಯಾವ ಮನೀದು ಅಂತ ಈಗ ಯಾರಿಗೆ ಗೊತ್ತರಿ?”

ಪ್ರತಿ ವಾಲ್ವೂ ಇಷ್ಟು ವರ್ಷ ತನ್ನದೇ ಜಾಗದಲ್ಲಿ ಕೂತು ಸವೆದಿರುತ್ತದಂತೆ. ಅದಲುಬದಲಾದರೆ ಹೊಗೆ ಸೋರುತ್ತದಂತೆ. ನನಗೆ ಅಲ್ಲೇ ಅಳು ಬಂತು. ಅವರು ಒಂದು ಬಿರುನುಡಿಯನ್ನೂ ಆಡಲಿಲ್ಲ. ದಸರೆ ಮುಗಿದ ಮರುದಿನದಿಂದ, ಸಂಜೆ ಪಾಳಿ ಬಿಟ್ಟು ಬಂದವರೇ, ಒಂದೊಂದು ವಾಲ್ವಿಗೂ ಉಜ್ಜುವ ಮರಳು ಮಸಾಲೆ ಹಚ್ಚಿ, ಹೊಸ ಜಾಗದಲ್ಲಿ ಕೂರಿಸಿ, ಅದಕ್ಕೆ ಹಿಡಿಸಿದ ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿ ತಿಕ್ಕಿದರು. ಗರಗರ ಸದ್ದು ನಿಲ್ಲುವವರೆಗೆ ತಿಕ್ಕುವುದು, ಸೀಮೆಎಣ್ಣೆ ಹೊಯ್ದು ಸೋರುತ್ತದೆಯೇ ಎಂದು ನೋಡುವುದು. ಹದಿನಾಲ್ಕನೆಯದು ಒಂದು ಹನಿ ಜಿನುಗಿತು. ಇಷ್ಟು ಸಾಕು, ಒಳಗಿನದು ಯಾರು ನೋಡುತ್ತಾರೆ ಎಂದೆ. “ಎಂಜಿನ್ ನೋಡ್ತದರಿ,” ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಅಂಥ ಕೈಗಳನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಲಕ್ಷ್ಮೀ ಪೂಜೆಯ ಮಧ್ಯಾಹ್ನ ಕಾರು ಎರಡು ಸಲ ಕೆಮ್ಮಿ, ಮೂರನೆಯ ಸಲ ಗುಡುಗಿತು. ಇಡೀ ಓಣಿ ಹೊರಗೆ ಬಂತು. ಮಾಲಕರು ಗುಜರಿಯ ಮಾತೇ ಮರೆತು ಮುಂದಿನ ಸೀಟಿನಲ್ಲಿ ಕೂತರು; ಹಿಂದೆ ಅವರ ಮನೆಯವರೆಲ್ಲ. ಕಾತ್ರಜ ಘಾಟಿಗೆ ಹೊರಟ ಗಾಡಿಯಲ್ಲಿ ನನಗೆ ಜಾಗವೇ ಉಳಿಯಲಿಲ್ಲ. ಬಸಣ್ಣ ಕಿಟಕಿಯಿಂದ ತಲೆ ಹೊರಹಾಕಿದರು.

“ರಾಯರ, ನಾವು ಬರೋತನಕಾ ಏನೂ ಜೋಡಸಾಕ ಹೋಗಬ್ಯಾಡ್ರಿ.”

ನಾನು ಗೇಟು ಹಾಕಿ ಕೈಕಟ್ಟಿ ಕಟ್ಟೆಯ ಮೇಲೆ ಕೂತೆ. ಪಾನಾಗಳು ಅಂಗಳದ ತುಂಬ ಬಿದ್ದಿದ್ದವು. ಅವರು ಬರುವವರೆಗೂ ಒಂದನ್ನೂ ಮುಟ್ಟಲಿಲ್ಲ. ಒಂದೇ ಒಂದು ಮಾತ್ರ ಸ್ವಲ್ಪ ಓರೆಯಾಗಿತ್ತು. ಅದನ್ನು ನೆಟ್ಟಗೆ ಮಾಡಿದೆ.