ಬೂಟಿನ ತಳದ ಚೀಟಿ

ಗುರಪ್ಪನ ಬೂಟಿನ ತಳದಲ್ಲಿ ಕಂಪನಿಯವರು ಅಂಟಿಸಿದ್ದ ಚೀಟಿ ಇನ್ನೂ ಹಾಗೇ ಇತ್ತು. ಅವತ್ತಿನ ಸಂಕಟಕ್ಕೆಲ್ಲ ಅದೇ ಮೂಲ.

ಭಾನುವಾರ ನಸುಕಿನಲ್ಲಿ ಕಸ ಗುಡಿಸುತ್ತಿದ್ದ ಹೆಂಡತಿ ಸುಮಂಗಲಾ ಬೂಟನ್ನು ಪಕ್ಕಕ್ಕಿಡಲು ಎತ್ತಿದಳು. ಮಗುಚಿ ನೋಡಿದಳು. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

“ಏನ್ರಿ, ಎರಡ ತಿಂಗಳಾತು ಪಾರ್ಕಿನ್ಯಾಗ ಓಡಾಕತ್ತೀರಿ. ಈ ಚೀಟಿ ಹೆಂಗ ಉಳೀತು?”

“ಚಲೋ ಕಂಪನಿ ಬೂಟು. ಅಂಟು ಗಟ್ಟಿ ಇರತೈತಿ,” ಎಂದ ಗುರಪ್ಪ ಆಕಳಿಸುತ್ತ.

“ಹಂಗಾರ ಇವತ್ತ ನಾನೂ ಬರ್ತೇನಿ. ನೀವು ಓಡೂದು ನಾ ಒಮ್ಮೀನೂ ನೋಡಿಲ್ಲ,” ಎಂದು ಸುಮಂಗಲಾ ಕಸಬರಿಗೆ ಮೂಲೆಗಿಟ್ಟಳು. ಗುರಪ್ಪನ ಆಕಳಿಕೆ ಅರ್ಧಕ್ಕೇ ನಿಂತಿತು.

ಸಿಂದಗಿಯ ಮಾರುಕಟ್ಟೆಯಲ್ಲಿ ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವ ಗುರಪ್ಪ ಓಟದ ಮನುಷ್ಯನಲ್ಲ. ಕಲಬುರಗಿ ಬಸ್ಸು ಕಣ್ಣೆದುರೇ ಹೊರಟರೂ ಮುಂದಿನದು ಬರುತ್ತದೆ ಎಂದು ನಿಂತುಬಿಡುವವನು. ಎರಡು ತಿಂಗಳ ಹಿಂದೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಏರಿದೆ, ಕರಿದ ಪದಾರ್ಥ ಬಂದ್, ಓಟ ಚಾಲೂ ಎಂದಿದ್ದರು. ಅಂದೇ ಸುಮಂಗಲಾ ಕಡಾಯಿಯನ್ನು ಅಟ್ಟಕ್ಕೆ ಹಾಕಿದಳು. ಅವಳಿಗೆ ಗಂಡನ ಮೇಲೆ ಸಿಟ್ಟಿರಲಿಲ್ಲ, ಭಯವಿತ್ತು. ಸಿಟ್ಟಾದರೆ ಎರಡು ದಿನಕ್ಕೆ ಇಳಿಯುತ್ತಿತ್ತು. ಭಯ ಇಳಿಯಲಿಲ್ಲ, ಹಾಗಾಗಿ ಕಡಾಯಿಯೂ ಇಳಿಯಲಿಲ್ಲ.

ಅದೇ ಹೊತ್ತಿಗೆ ಸಾಲೆಯಲ್ಲಿ ಆಟ ಕಲಿಸುವ ರಾಜೇಶ್ವರಿ ಮೇಡಮ್ಮು ಊರ ಪಾರ್ಕಿನಲ್ಲಿ ಪ್ರತಿ ಭಾನುವಾರ ಪುಕ್ಕಟೆ ಓಟ ಶುರು ಮಾಡಿದ್ದರು. ಯಾರು ಬೇಕಾದರೂ ಬರಬಹುದು, ಐದು ಸುತ್ತು ಹಾಕಬೇಕು, ಓಡಲಾಗದವರು ನಡೆಯಬೇಕು. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಸುಮಂಗಲಾ ಗಂಡನಿಗೆ ಹೊಸ ಬೂಟು ತಂದುಕೊಟ್ಟು ಕಳಿಸಿದಳು. ಗುರಪ್ಪ ಬೂಟು ತೊಟ್ಟು ಬೈಕು ಹತ್ತಿದ. ಬೈಕು ಮಾತ್ರ ಪಾರ್ಕಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡ್ ಮಗ್ಗುಲಲ್ಲಿದ್ದ ಜೈನುದ್ದೀನನ ಭಜಿ ಅಂಗಡಿಯ ಮುಂದೆ ನಿಂತಿತು.

ಅಂದಿನಿಂದ ಪ್ರತಿ ಭಾನುವಾರ ಇದೇ ನಡೆದಿತ್ತು. ಕಡಾಯಿಯಿಂದ ಆಗಷ್ಟೇ ತೆಗೆದ ಮೊದಲ ಘಾಣದ ಮಿರ್ಚಿ ಭಜಿ, ಚುರುಮುರಿ, ಮೇಲೊಂದು ಚಾ. ಸುಮ್ಮನೆ ತಿಂದರೆ ಬೂಟು ತೊಟ್ಟದ್ದಕ್ಕೆ ಅರ್ಥವಿಲ್ಲವಲ್ಲ, ಅದಕ್ಕೆ ತಿನ್ನುತ್ತ ಜೈನುದ್ದೀನನಿಗೆ ಓಟದ ಮಹಿಮೆ ಹೇಳುತ್ತಿದ್ದ. ಕಡೆಗೆ ಅಂಗಿಯ ಮೇಲೆ ಎರಡು ಬೊಗಸೆ ನೀರು ಹೊಡೆದುಕೊಂಡು, ಬೆವೆತವನಂತೆ ಮನೆಗೆ. ವಾರವಿಡೀ ಬೇಯಿಸಿದ ಮಡಕಿಕಾಳು ತಿನ್ನುವ ಗುರಪ್ಪನಿಗೆ ಬಾಳಿನಲ್ಲಿ ಉಳಿದಿದ್ದ ಸುಖ ಇದೊಂದೇ. ಇವತ್ತು ಪಾರ್ಕಿನಲ್ಲಿ ಹಳಬನಂತೆ ನಟಿಸಿದರೆ ಅದು ಉಳಿಯಿತು, ಇಲ್ಲವಾದರೆ ಹೋಯಿತು.

ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗುರಪ್ಪ ಪಾರ್ಕಿನ ಮೂಡಣ ಗೇಟಿಗೆ ಬಂದ. ಗೇಟಿಗೆ ಬೀಗ ಬಿದ್ದಿತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು, ತುಕ್ಕಿನ ಮೇಲೆ ಬಳ್ಳಿ ಹಬ್ಬಿತ್ತು.

“ಇವತ್ತ ಯಾಕೋ ಹಾಕ್ಯಾರ,” ಎಂದ.

ಸುಮಂಗಲಾ ಬಳ್ಳಿಯನ್ನು ನೋಡಿದಳು.

ಪಡುವಣ ಗೇಟಿನಲ್ಲಿ ಎದುರಾದವನು ಪಕ್ಕದ ಮನೆಯ ಕಾಂತು. ಊರಿನ ಯಾರ ಮನೆಯಲ್ಲಿ ಏನು ಅಡುಗೆ ಎಂಬುದು ಇವನಿಗೆ ಗೊತ್ತಿರದಿದ್ದರೆ ಆ ದಿನ ಊಟ ಸೇರುವುದಿಲ್ಲ. “ಏ ಗುರಪ್ಪಣ್ಣಾ, ನೀವು ಇಲ್ಲಿ?” ಎಂದು ಬಾಯಿ ತೆರೆದನೋ ಇಲ್ಲವೋ, ಗುರಪ್ಪ ಅವನ ಹೆಗಲ ಮೇಲೆ ಕೈ ಹಾಕಿ ದೂರ ಎಳೆದೊಯ್ದ. ಸುಮಂಗಲಾ ಬೇವಿನ ಗಿಡದ ಕೆಳಗಿನ ಬೆಂಚಿನ ಮೇಲೆ ಕುಳಿತಳು. ಐದು ಸುತ್ತಿನಲ್ಲಿ ಐದು ಸಲವೂ ಆ ಬೆಂಚನ್ನು ದಾಟಿಯೇ ಹೋಗಬೇಕಿತ್ತು.

ಅಷ್ಟರಲ್ಲಿ ರಾಜೇಶ್ವರಿ ಮೇಡಮ್ಮರ ಮೈಕು ಕಿರುಗುಟ್ಟಿತು. “ಇವತ್ತ ಹೊಸದಾಗಿ ಬಂದಾವ್ರು ಮುಂದ ಬರ್ರಿ. ನಿಮಗ ಶಾಲು ಹೊಚ್ಚಿ ಸ್ವಾಗತ ಮಾಡ್ತೇವಿ.”

ನಮ್ಮ ಕಡೆ ಶಾಲು ಹೊದಿಸದೆ ಬೋರವೆಲ್ಲಿನ ಪೂಜೆ ಕೂಡ ಮುಗಿಯುವುದಿಲ್ಲ, ಓಟ ಹೇಗೆ ಶುರುವಾದೀತು? ಮೇಜಿನ ಮೇಲೆ ಎರಡು ಶಾಲು ಮಡಚಿಟ್ಟಿದ್ದರು. ಮೇಡಮ್ಮರ ಕಣ್ಣು ಗುಂಪಿನ ಮೇಲೆ ಹರಿಯುತ್ತ ಬಂದು ಗುರಪ್ಪನ ಮೇಲೆ ನಿಂತಿತು. ಅವರು ಒಂದು ಶಾಲು ಎತ್ತಿಕೊಂಡರು. ಆ ಶಾಲು ಮೈಮೇಲೆ ಬಿದ್ದರೆ ತಾನು ಇವತ್ತೇ ಮೊದಲು ಬಂದವನು ಎಂದು ಊರಿಗೆಲ್ಲ ಸಾರಿದಂತೆ. ಸೀಟಿ ಊದುವ ಮೊದಲೇ ಗುರಪ್ಪ ಓಡತೊಡಗಿದ.

ಅವನು ಓಡಿದ್ದು ಕಂಡು ಓಟ ಶುರುವಾಯಿತೆಂದು ಉಳಿದವರೂ ಓಡಿದರು. “ಸೀಟಿ ಊದಿಲ್ರಿ ಇನ್ನೂ,” ಎಂದ ಮೇಡಮ್ಮರ ಮಾತು ಯಾರಿಗೂ ಕೇಳಲಿಲ್ಲ. ಅವರೂ ಶಾಲು ಕೈಯಲ್ಲೇ ಹಿಡಿದು ಹಿಂದೆ ಬಂದರು.

“ಸರ, ನಿಮ್ಮ ಹೆಸರೇನ್ರಿ? ಹೊಸಬರದೀರಿ ಅನಸ್ತೈತಿ.”

“ಆಮ್ಯಾಲೆ ಹೇಳ್ತೇನ್ರಿ ಮೇಡಮ್,” ಎಂದು ಗುರಪ್ಪ ಇನ್ನಷ್ಟು ಜೋರು ಮಾಡಿದ.

ಆಟ ಕಲಿಸುವವರಿಗೆ ಓಡುವುದು ಕಷ್ಟವೇ? ಮೇಡಮ್ಮು ಏದುಸಿರಿಲ್ಲದೆ ಮಗ್ಗುಲಿಗೆ ಬಂದರು. ಈ ಕಡೆಯಿಂದ ಕಾಂತು ಬಂದ. “ಗುರಪ್ಪಣ್ಣಾ, ಎಂದೂ ಕಾಣದಾವ್ರು ಇವತ್ತ ಹಿಂಗ ಓಡಾಕತ್ತೀರಲ್ಲ, ಏನ್ ವಿಶೇಷ?” ಬೇವಿನ ಗಿಡ ಹತ್ತಿರ ಬರುತ್ತಿತ್ತು. ಗುರಪ್ಪ ಇಬ್ಬರನ್ನೂ ಹಿಂದೆ ಹಾಕಿ, ಬೆಂಚಿನ ಮುಂದೆ ಕೈ ಬೀಸಿ, ನಗಲು ಪ್ರಯತ್ನಿಸಿ ಹಾರಿಹೋದ. ನಗು ಅಳುವಿನಂತೆ ಕಂಡಿತು.

ಪ್ರತಿ ಸುತ್ತಿನಲ್ಲೂ ಹೀಗೇ ಆಯಿತು. ಬೆಂಚು ದೂರವಿದ್ದಾಗ ಅವನು ಸಾಯುವಂತೆ ತೇಕುತ್ತ ನಡೆಯುತ್ತಿದ್ದ. ಹಿಂದಿನಿಂದ ಶಾಲೋ ಕಾಂತುವೋ ಕಂಡ ಕೂಡಲೇ ಜೀವ ಬಂದು ಓಡುತ್ತಿದ್ದ. ಮೂರನೇ ಸುತ್ತಿಗೆ ಮೇಡಮ್ಮು, ಇವರು ಓಟದಲ್ಲಿ ಮುಳುಗಿಹೋಗಿದ್ದಾರೆ, ಕೆಡಿಸುವುದು ಬೇಡವೆಂದು ಬಿಟ್ಟರು. ನಾಲ್ಕಕ್ಕೆ ಕಾಂತು ಹೊಟ್ಟೆ ಹಿಡಿದು ಕುಳಿತ. ಐದನೇ ಸುತ್ತು ಮುಗಿಸಿ ಎಲ್ಲರಿಗಿಂತ ಮೊದಲು ಬಂದ ಗುರಪ್ಪ ತೊಗರಿ ಚೀಲ ಇಳಿಸಿದಂತೆ ಬೆಂಚಿನ ಬುಡದಲ್ಲಿ ಬಿದ್ದ. ಈ ಸಲ ಅಂಗಿ ನೆನೆದದ್ದು ನಲ್ಲಿ ನೀರಿನಿಂದಲ್ಲ.

ಸುಮಂಗಲಾ ನೀರಿನ ಬಾಟಲಿ ಕೊಟ್ಟು, ಸೆರಗಿನಿಂದ ಅವನ ಹಣೆ ಒರೆಸಿದಳು. ಅವಳ ಕಣ್ಣು ಒದ್ದೆಯಾಗಿತ್ತು.

“ಖರೇನ ಓಡ್ತೀರಿ. ನಾ ಸುಮ್ಮನ ಸಂಶೆ ಪಟ್ಟೆ. ತಪ್ಪಾತ್ರಿ. ಮುಂದಿನ ಐತಾರದಿಂದ ನಾ ಬರಂಗಿಲ್ಲ, ನೀವಽ ಆರಾಮ ಬಂದು ಹೋಗ್ರಿ.”

ಗುರಪ್ಪನಿಗೆ ಒಂದು ಕ್ಷಣ ನಾಚಿಕೆಯಾಯಿತು. ಮರುಕ್ಷಣವೇ ಮುಂದಿನ ಭಾನುವಾರದ ಮೊದಲ ಘಾಣ ಕಣ್ಣ ಮುಂದೆ ಬಂದು, ನಾಚಿಕೆ ಸರಿದು ಜಾಗ ಕೊಟ್ಟಿತು.

ಅಷ್ಟರಲ್ಲಿ ಮೈಕು ಮತ್ತೆ ಕಿರುಗುಟ್ಟಿತು. “ಕಡೀ ಸುತ್ತ ಮುಗಿಸಿ ನಮ್ಮ ಹೊಸಾ ಓಟಗಾರರು ಬಂದಾರ. ಚಪ್ಪಾಳಿ ಹೊಡೀರಿ.”

ಎಲ್ಲರ ಹಿಂದೆ, ಉಬ್ಬಸಪಡುತ್ತ, ಫಳಫಳ ಹೊಳೆಯುವ ಹೊಸ ಬೂಟಿನಲ್ಲಿ ಬಂದವನು ಜೈನುದ್ದೀನ. ಶಾಲು, ಕಾಂತು, ಬೆಂಚು ಇವಿಷ್ಟರ ಮೇಲೇ ಕಣ್ಣಿಟ್ಟು ಓಡಿದ್ದ ಗುರಪ್ಪ ಅವನನ್ನು ನೋಡಿಯೇ ಇರಲಿಲ್ಲ. ಎದ್ದು ಗಿಡದ ಮರೆಗೆ ಹೋಗೋಣವೆಂದರೆ ಮೀನಖಂಡ ಹಿಡಿದುಕೊಂಡಿತ್ತು.

ಶಾಲು ಹೊದ್ದ ಜೈನುದ್ದೀನ ಮೈಕು ಹಿಡಿದ.

“ಎಲ್ಲಾರಿಗೂ ನಮಸ್ಕಾರ್ರಿ. ನಾ ಬಸ್ ಸ್ಟ್ಯಾಂಡ್ ಬಾಜೂಕ ಭಜಿ ಮಾಡಾಂವ. ಓಟ ಅಂದ್ರ ಏನಂತ ನನಗ ತಿಳಿಸಿ ಹೇಳಿದಾವ್ರು ಅಗೋ ಅಲ್ಲಿ ಕುಂತಾರಲ್ರಿ, ನಮ್ಮ ಗುರಪ್ಪ ಸಾವಕಾರ್ರು.”

ಚಪ್ಪಾಳೆ ಬಿತ್ತು. ಸುಮಂಗಲಾ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

“ದೊಡ್ಡ ಮನಸಿನ ಮಂದಿ ಅದಾರ್ರಿ. ಎರಡ ತಿಂಗಳಾತು, ಒಂದ ಐತಾರ ತಪ್ಪಿಸಿಲ್ಲ. ನೀವೆಲ್ಲಾ ಇಲ್ಲಿ ಓಡೂ ಹೊತ್ತಿಗೆ ನಮ್ಮ ಅಂಗಡ್ಯಾಗ ಕುಂತು, ಎರಡ ಪ್ಲೇಟ್ ಭಜಿ ಮುಗಿಯೂತನಕಾ ನನಗ ಇದನ್ನಽ ಹೇಳ್ತಿದ್ರು. ಹೋಗೂವಾಗ ಅಂಗಿ ಮ್ಯಾಲೆ ನೀರ ಹೊಡ್ಕೊಂಡು, ಮೈ ಹಿಂಗ ತೊಯ್ಯಬೇಕು ಜೈನುದ್ದೀನ ಅಂತ ತೋರಿಸಿ ಹೋಗ್ತಿದ್ರು.”

ಚಪ್ಪಾಳೆ ಹೊಡೆಯುತ್ತಿದ್ದವರ ಕೈ ನಿಂತಿತು. ಕಾಂತುವಿನ ಹೊಟ್ಟೆನೋವು ಥಟ್ಟನೆ ಗುಣವಾಗಿ ಅವನು ಎದ್ದು ನಿಂತ. ಸುಮಂಗಲಾ ಗಂಡನ ಕಡೆ ತಿರುಗಲಿಲ್ಲ. ಜೈನುದ್ದೀನ ಮಾತ್ರ ಉಪಕಾರದ ಭಾರಕ್ಕೆ ಕಣ್ಣು ತುಂಬಿಕೊಂಡು ಮುಂದುವರಿಸಿದ.

“ಹೋದ ವಾರ ಡಾಕ್ಟರು ನನಗೂ ಸಕ್ಕರಿ ಐತಿ ಅಂದ್ರು. ಸಾವಕಾರ್ರ ಮಾತು ನೆನಪಾತ್ರಿ. ಇನ್ನ ಮ್ಯಾಲೆ ಐತಾರ ಮುಂಜಾನೆ ನಾ ಒಲಿ ಹಚ್ಚಂಗಿಲ್ಲ. ಅಂಗಡಿ ಬಂದ್. ಇಲ್ಲಿಗೇ ಬರ್ತೇನಿ.”

ಹೆಂಡತಿಯ ಮುಂದೆ ಮಾನ ಹೋದಾಗ ತಗ್ಗಿಸಿದ್ದ ತಲೆಯನ್ನು ಗುರಪ್ಪ ಈಗ ಎತ್ತಿದ. ಅವನ ಮುಖ ನೋಡಿದ್ದರೆ ಯಾರಿಗಾದರೂ ಕನಿಕರ ಬರುತ್ತಿತ್ತು.

“ಅಂಗಡಿ ಪೂರಾ ಬಂದಾ?” ಎಂದು ಕೇಳಿದ, ಸಣ್ಣ ದನಿಯಲ್ಲಿ.

“ಪೂರಾ ಬಂದ್ರಿ ಸಾವಕಾರ್ರ. ಎಲ್ಲಾ ನಿಮ್ಮ ಪುಣ್ಯ.”

ಸುಮಂಗಲಾ ಎದ್ದಳು. ನೇರ ಮೇಜಿನ ಹತ್ತಿರ ಹೋಗಿ ಉಳಿದಿದ್ದ ಇನ್ನೊಂದು ಶಾಲನ್ನು ಎತ್ತಿಕೊಂಡಳು. “ಮೇಡಮ್, ಇವ್ರೂ ಇವತ್ತ ಹೊಸಬರಽ ರೀ,” ಎಂದು ಬಂದು, ಗಂಡನ ಹೆಗಲಿಗೆ ಹೊದಿಸಿ, ಎರಡೂ ಅಂಚು ಎಳೆದು ಬಿಗಿಯಾಗಿ ಗಂಟು ಹಾಕಿದಳು. ಕಾಂತು ಫೋಟೋ ತೆಗೆದ. ಒಂದು ಸಾಲದೆಂದು ಇನ್ನೊಂದು ತೆಗೆದ.

ಗುರಪ್ಪ ಕಾಲು ಚಾಚಿ ಕುಳಿತೇ ಇದ್ದ. ಸುಮಂಗಲಾ ಬಗ್ಗಿ ಅವನ ಬೂಟಿನ ತಳ ನೋಡಿದಳು.

“ಅರ್ಧಾ ಚೀಟಿ ಹೋಗೇತಿ, ಅರ್ಧಾ ಉಳದೈತಿ,” ಎಂದಳು. “ಅಂಟು ಗಟ್ಟಿ ಐತಿ ಅಂದಿದ್ರಲ್ಲ. ಅದು ಪೂರಾ ಹೋಗೂತನಕಾ ಪ್ರತಿ ಐತಾರ ನಾನೂ ಬರ್ತೇನಿ.”